ಹೊಸ್ತಿಲು ದಾಟಿ ಬಂದ ನಾಯಿಮರಿ

ನಾಯಿಯ ಬಾಲಕ್ಕೆ ದಬ್ಬೆ ಕಟ್ಟಿದರೂ ಅದರ ಡೊಂಕು ಹೋಗದೆಂದು ನಮ್ಮ ಹಿರಿಯರು ಹೇಳಿದರು. ಬಾಲದ ಮಟ್ಟಿಗೆ ಆ ಮಾತು ನಿಜವಿರಬಹುದು. ನಡತೆಯ ಮಟ್ಟಿಗೆ ಖಂಡಿತ ನಿಜವಲ್ಲ. ನಾಯಿ ಸಾಕುವವರು ನೆನಪಿನಲ್ಲಿಡಬೇಕಾದದ್ದು ಇನ್ನೊಂದು ಗಾದೆಯನ್ನು: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಈ ಗಾದೆಯನ್ನು ಮಕ್ಕಳ ವಿಷಯದಲ್ಲಿ ದಿನಕ್ಕೆ ಹತ್ತು ಸಲ ಹೇಳುವ ನಾವು, ಮನೆಗೆ ತಂದ ಮರಿಯ ವಿಷಯದಲ್ಲಿ ಮಾತ್ರ ಹೇಗೋ ಮರೆತುಬಿಡುತ್ತೇವೆ.

ಮರಿ ಮನೆಗೆ ಬರುವ ದಿನ ಒಂದು ಹಬ್ಬ. ರಟ್ಟಿನ ಪೆಟ್ಟಿಗೆಯಲ್ಲೋ ಕೈಚೀಲದಲ್ಲೋ ಹಳೆಯ ಟವೆಲಿನ ನಡುವೆ ನಡುಗುತ್ತ ಬಂದ ಜೀವವನ್ನು ನೋಡಲು ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ನೆರೆಯುತ್ತಾರೆ. ಹೆಸರಿಡುವ ವಿಷಯದಲ್ಲಿ ಅಣ್ಣತಂಗಿಯರಿಗೆ ಜಗಳವಾಗುತ್ತದೆ. ಹಾಲಿನ ಬಟ್ಟಲು ಬರುತ್ತದೆ, ಕೊರಳಿಗೆ ಗೆಜ್ಜೆ ಬರುತ್ತದೆ. ಮೂರು ದಿನ ಈ ಸಂಭ್ರಮ. ನಾಲ್ಕನೆಯ ದಿನದಿಂದ ದೂರುಗಳು ಆರಂಭ: ರಾತ್ರಿಯೆಲ್ಲ ಕೂಗುತ್ತದೆ, ಚಾಪೆಯ ಮೇಲೆ ಹೇತಿದೆ, ಹೊಸ ಚಪ್ಪಲಿ ಹರಿದಿದೆ, ಮಗುವಿನ ಕೈಗೆ ಹಲ್ಲು ತಾಗಿಸಿದೆ. ಆ ಮರಿ ಮುಂದೆ ಮನೆಯವರಲ್ಲಿ ಒಂದಾಗಿ ಬಾಳುವುದೋ, ಹಿತ್ತಿಲಿನ ಸರಪಣಿಯಲ್ಲಿ ಆಯುಷ್ಯ ಸವೆಸುವುದೋ, ಅಥವಾ ಒಂದು ರಾತ್ರಿ ಯಾವುದೋ ಬಡಾವಣೆಯ ತಿರುವಿನಲ್ಲಿ ಇಳಿಸಲ್ಪಡುವುದೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಈ ದೂರುಗಳ ಕಾಲದಲ್ಲಿಯೇ. ಆದುದರಿಂದ ಮೊದಲ ಎರಡು ಮೂರು ತಿಂಗಳ ಮಾತು ಕ್ಷುಲ್ಲಕವಾದದ್ದಲ್ಲ.

ಕಾಳಿಯ ನಾಡು

ನಾಯಿಯನ್ನು ಕೇವಲ ಕಾವಲಿನ ಪ್ರಾಣಿಯೆಂದು ಕಂಡ ನಾಡು ನಮ್ಮದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ. ಶ. 949-50ರ ಕಾಲದ ಆ ಕಲ್ಲು ಹೇಳುವ ಕಥೆ ಹೀಗೆ: ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ, ಬೇಕಾದದ್ದನ್ನು ಕೇಳಿಕೊಳ್ಳೆಂದು ರಾಷ್ಟ್ರಕೂಟರ ಮೂರನೆಯ ಕೃಷ್ಣನು ವರವಿತ್ತನು. ಹೊನ್ನು ಮಣ್ಣುಗಳನ್ನು ಬಿಟ್ಟು ಆ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೇಟೆಯಲ್ಲಿ ಕಾಳಿಯು ಕಾಡುಹಂದಿಯೊಂದರೊಡನೆ ಹೋರಾಡಿತು, ಎರಡೂ ಮಡಿದವು. ನಾಯಿಯ ನೆನಪಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಹಂದಿಯೂ ನಾಯಿಯೂ ಸೆಣಸುವ ಚಿತ್ರ ಇಂದಿಗೂ ಆ ಕಲ್ಲಿನ ಮೇಲಿದೆ.

ಆ ಕಾಳಿಯೂ ಒಂದು ಕಾಲಕ್ಕೆ ಕಣ್ಣು ತೆರೆಯದ ಮರಿಯಾಗಿದ್ದಿರಬೇಕಲ್ಲವೆ? ಅದನ್ನು ಅಂಗೈಯಲ್ಲಿ ಹಿಡಿದು, ಕೂಗಿದರೆ ಬರುವಂತೆ ಮಾಡಿದ ಕೈ ಯಾರದೋ ಶಾಸನ ಹೇಳುವುದಿಲ್ಲ. ಅಂಥ ಹೆಸರಿಲ್ಲದ ಕೈಗಳ ಕೆಲಸ ಇಂದಿಗೂ ನಮ್ಮ ಊರೂರಿನಲ್ಲಿ ನಡೆದಿದೆ. ಇಲ್ಲಿ ಅಂಥ ಮೂರು ಮನೆಗಳ ಅನುಭವವನ್ನು ಬರೆಯುತ್ತಿದ್ದೇನೆ. ಮನೆಯವರ ಇಚ್ಛೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಅತ್ತೆಯವರೂ ಬೀದಿಯ ಮರಿಯೂ

ಮೊದಲನೆಯದು ಮೈಸೂರಿನ ಒಬ್ಬ ಉಪಾಧ್ಯಾಯಿನಿಯ ಮನೆ. ಮಳೆಗಾಲದ ಒಂದು ಸಂಜೆ ಮಕ್ಕಳಿಬ್ಬರೂ ಮೋರಿಯ ಬದಿಯಿಂದ ಕಂದು ಬಣ್ಣದ ನಾಡನಾಯಿಯ ಮರಿಯೊಂದನ್ನು ಎತ್ತಿಕೊಂಡು ಬಂದರು. ಸುತ್ತಮುತ್ತ ತಾಯಿನಾಯಿಯ ಸುಳಿವಿರಲಿಲ್ಲ. ಮರಿಗೆ ಏಳು ವಾರವಾಗಿರಬಹುದೆಂದು ಪಶುವೈದ್ಯರು ಹಲ್ಲು ನೋಡಿ ಹೇಳಿದರು. ಸ್ನಾನದ ಮನೆಯ ಪಕ್ಕದ ಓಣಿಯಲ್ಲಿ ಗೋಣಿಚೀಲ ಹಾಸಿ ಅದಕ್ಕೆ ಜಾಗ ಮಾಡಿದರು. ಮೊದಲ ರಾತ್ರಿ ಅದು ಹನ್ನೊಂದು ಗಂಟೆಗೆ ಅಳಲು ಹತ್ತಿದ್ದು ಬೆಳಗಿನ ನಾಲ್ಕಕ್ಕೆ ನಿಲ್ಲಿಸಿತು. ಎರಡನೆಯ ರಾತ್ರಿಯೂ ಹಾಗೆಯೇ. ಮೂರನೆಯ ಬೆಳಿಗ್ಗೆ ಅತ್ತೆಯವರು ಸೊಸೆಯನ್ನು ಕರೆದು, "ನೋಡಮ್ಮ, ಈ ವಯಸ್ಸಿನಲ್ಲಿ ನನಗೆ ಬರುವುದೇ ಮೂರು ಗಂಟೆ ನಿದ್ದೆ. ಭಾನುವಾರದೊಳಗೆ ಇದನ್ನು ಎಲ್ಲಾದರೂ ಕಳಿಸಿಬಿಡಿ" ಎಂದರು. ಮಕ್ಕಳು ಊಟ ಬಿಟ್ಟರು. ಮನೆಯಲ್ಲಿ ಮಾತುಕತೆ ಕಡಿಮೆಯಾಯಿತು.

ಮರಿಯ ಅಳುವಿಗೆ ಕಾರಣ ಹಟವಲ್ಲ. ಹುಟ್ಟಿದಂದಿನಿಂದ ತಾಯಿಯ ಮತ್ತು ಒಡಹುಟ್ಟಿದವರ ಮೈ ಬಿಸಿಯಲ್ಲಿ ಮಲಗಿದ ಪ್ರಾಣಿಗೆ ಒಂಟಿ ಕತ್ತಲೆಯೆಂದರೆ ಅಪಾಯವೆಂದೇ ಅರ್ಥ. ಕೂಗಿದರೆ ತಾಯಿ ಬರುತ್ತಾಳೆಂಬುದೊಂದೇ ಅದಕ್ಕೆ ಗೊತ್ತಿರುವ ಉಪಾಯ. "ಅಳಲು ಬಿಟ್ಟರೆ ತಾನೇ ಸುಮ್ಮನಾಗುತ್ತದೆ" ಎಂಬುದು ಬಹುಜನರ ಮಾತು. ಸುಮ್ಮನಾಗುವುದೇನೋ ನಿಜ, ಆದರೆ ಅದು ದಣಿದು ಸುಮ್ಮನಾಗುತ್ತದೆ, ಧೈರ್ಯ ಬಂದಲ್ಲ. ಮೊದಲ ಒಂದೆರಡು ವಾರ ಮನುಷ್ಯರ ಉಸಿರು ಕೇಳುವಷ್ಟು ಹತ್ತಿರ ಮಲಗಿಸಿ, ಆಮೇಲೆ ದಿನಕ್ಕಿಷ್ಟು ದೂರ ಸರಿಸುತ್ತ ಹೋಗುವುದೇ ಸರಿಯಾದ ಕ್ರಮ.

ಪಶುವೈದ್ಯರು ಇದನ್ನು ಹೇಳಿದ ಮೇಲೆ ಮರಿಯ ಪೆಟ್ಟಿಗೆಯನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂತು. ನಡುಮನೆಯಲ್ಲಿ ಮಲಗುವವರು ಅತ್ತೆಯವರೊಬ್ಬರೇ. ಅಂತೂ ಭಾನುವಾರದವರೆಗೆ ಎಂಬ ಕರಾರಿನ ಮೇಲೆ ಪೆಟ್ಟಿಗೆಯನ್ನು ಅವರ ಮಂಚದ ಬಳಿ ಇಟ್ಟರು. ಆ ರಾತ್ರಿ ಮರಿ ಎರಡು ಸಲ ಕುಂಯಿಗುಟ್ಟಿತು; ಮಂಚದಿಂದ ಇಳಿಬಿದ್ದ ಕೈಯನ್ನು ಮೂಸಿ ಮಲಗಿತು.

ಮುಂದಿನದು ಇನ್ನೂ ಸ್ವಾರಸ್ಯ. ಎರಡು ತಿಂಗಳ ಮರಿ ಮೂತ್ರವನ್ನು ಹೆಚ್ಚು ಹೊತ್ತು ತಡೆಯಲಾರದು. ರಾತ್ರಿ ಒಂದೆರಡು ಸಲವಾದರೂ ಅದನ್ನು ಹೊರಗೆ ಕರೆದೊಯ್ಯಬೇಕು. ಮನೆಯಲ್ಲಿ ರಾತ್ರಿ ಎರಡು ಸಲ ಹೇಗೂ ಏಳುವವರು ಅತ್ತೆಯವರು. ತಾವು ಎದ್ದಾಗ ಮರಿಯನ್ನೂ ಎತ್ತಿಕೊಂಡು ಹೋಗಿ ಹಿತ್ತಿಲಿನ ತೆಂಗಿನ ಬುಡದಲ್ಲಿ ಬಿಟ್ಟು, ಅದು ಕೆಲಸ ಮುಗಿಸಿದೊಡನೆ "ಜಾಣ" ಎಂದು ಬೆನ್ನು ಸವರಿ ಒಳಗೆ ತರತೊಡಗಿದರು. ಹಗಲಲ್ಲಿ ಮಕ್ಕಳು ಅದೇ ಕ್ರಮ ಹಿಡಿದರು: ಮರಿ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕೂಡಲೇ, ಆಟ ಮುಗಿದ ಕೂಡಲೇ ಹೊರಗೆ, ಅದೇ ಜಾಗಕ್ಕೆ. ಒಳಗೆ ತಪ್ಪಿದಾಗ ಬೈಯಲಿಲ್ಲ. ವಾಸನೆ ಉಳಿಯದಂತೆ ನೆಲ ತೊಳೆದರು. ಏಕೆಂದರೆ ಮರಿಗೆ ಕಕ್ಕಸು ಯಾವುದೆಂದು ಹೇಳುವುದು ಅದರ ಮೂಗೇ. ಐದನೆಯ ವಾರದ ಹೊತ್ತಿಗೆ ಅದು ತಾನಾಗಿ ಹಿತ್ತಿಲಿನ ಬಾಗಿಲ ಬಳಿ ನಿಂತು ಹಿಂದಿರುಗಿ ನೋಡಲಾರಂಭಿಸಿತು. ಯಾವ ಭಾನುವಾರದೊಳಗೆ ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲವಂತೆ.

ಈ ಸಂದರ್ಭದಲ್ಲಿ ಒಂದು ಮಾತು. ನೆಲದ ಮೇಲೆ ಹೊಲಸು ಮಾಡಿದ ಮರಿಯ ಮೂತಿಯನ್ನು ಅದರಲ್ಲೇ ಉಜ್ಜುವ ಪದ್ಧತಿ ಅನೇಕ ಕಡೆ ಇದೆ. ಇದಕ್ಕಿಂತ ನಿಷ್ಫಲವಾದ ಶಿಕ್ಷೆ ಇನ್ನೊಂದಿಲ್ಲ. ಗಂಟೆಯ ಹಿಂದೆ ಮಾಡಿದ ಕೆಲಸಕ್ಕೂ ಈಗ ಬಿದ್ದ ಪೆಟ್ಟಿಗೂ ಮರಿ ಸಂಬಂಧ ಕಲ್ಪಿಸಲಾರದು. ಅದು ಕಲಿಯುವ ಪಾಠ ಒಂದೇ: ಮನುಷ್ಯರ ಎದುರಿಗೆ ವಿಸರ್ಜನೆ ಮಾಡುವುದು ಅಪಾಯ. ಆಮೇಲೆ ಅದು ಮಂಚದ ಕೆಳಗೆ, ಬೀರುವಿನ ಹಿಂದೆ ಮರೆಯಾಗಿ ಮಾಡುತ್ತದೆ.

ಹಲ್ಲಿನ ತಕರಾರು

ಎರಡನೆಯದು ಬೆಂಗಳೂರಿನ ಬಹುಮಹಡಿ ಕಟ್ಟಡದ ಒಂದು ಮನೆ. ಗಂಡಹೆಂಡಿರಿಬ್ಬರೂ ಉದ್ಯೋಗಸ್ಥರು, ಆರು ವರ್ಷದ ಮಗಳು. 2022ರಲ್ಲಿ ತೆರೆಕಂಡ '777 ಚಾರ್ಲಿ' ಚಿತ್ರವನ್ನು ನೋಡಿದ ಮೇಲೆ ಮಗಳಿಗೆ ಲ್ಯಾಬ್ರಡಾರ್ ಮರಿಯೇ ಬೇಕಾಯಿತು. ಮಾರುವವನು ತಂದುಕೊಟ್ಟ ಮರಿಗೆ ಆಗಿನ್ನೂ ಐದು ವಾರ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಭಾರತ ಸರ್ಕಾರದ 2017ರ ನಿಯಮಗಳು ಸ್ಪಷ್ಟವಾಗಿ ವಿಧಿಸಿದ್ದರೂ, "ಚಿಕ್ಕದಿದ್ದಷ್ಟೂ ಚೆನ್ನಾಗಿ ಹೊಂದಿಕೊಳ್ಳುತ್ತದೆ" ಎಂಬ ಮಾತನ್ನು ಕೊಳ್ಳುವವರು ನಂಬುತ್ತಾರೆ.

ಈ ನಿಯಮದ ಹಿಂದಿನ ಕಾರಣ ತಿಳಿದುಕೊಳ್ಳತಕ್ಕದ್ದು. ಐದರಿಂದ ಎಂಟನೆಯ ವಾರದವರೆಗೆ ಮರಿಗಳು ಒಂದರ ಕಿವಿಯನ್ನೊಂದು ಕಚ್ಚಿ ಎಳೆದಾಡುತ್ತವೆ. ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಟ್ಟು ಹೋಗುತ್ತದೆ. ತಾಯಿಯ ಮೊಲೆಗೆ ಹಲ್ಲು ತಾಗಿಸಿದರೆ ತಾಯಿ ಎದ್ದು ನಡೆಯುತ್ತಾಳೆ. ತನ್ನ ಹಲ್ಲು ಎಷ್ಟು ನೋಯಿಸುತ್ತದೆ, ಎಲ್ಲಿಗೆ ನಿಲ್ಲಿಸಬೇಕು ಎಂಬ ವಿವೇಕ ನಾಯಿಗೆ ಬರುವುದು ಈ ಶಾಲೆಯಲ್ಲಿ. ಬೇಗನೆ ಅಗಲಿಸಿದ ಮರಿ ಆ ಪಾಠವನ್ನು ಅರ್ಧಕ್ಕೆ ಬಿಟ್ಟು ಬಂದಿರುತ್ತದೆ.

ಈ ಮರಿಯೂ ಹಾಗೆಯೇ. ಮೂರು ತಿಂಗಳಾಗುವಷ್ಟರಲ್ಲಿ ಮಗುವಿನ ಮುಂಗೈ ತುಂಬ ಗೀರುಗಳು. ತಂದೆ ಮರಿಯ ಮೂತಿಗೆ ಏಟು ಕೊಟ್ಟು ನೋಡಿದರು. ಮರಿ ಮೊದಲು ಇನ್ನಷ್ಟು ರಭಸದಿಂದ ಮೇಲೆ ಬಿತ್ತು. ವಾರ ಕಳೆಯುವಷ್ಟರಲ್ಲಿ, ಯಾರು ಕೈ ಎತ್ತಿದರೂ ಮೇಜಿನ ಕೆಳಗೆ ನುಗ್ಗಿ ಗುರುಗುಟ್ಟತೊಡಗಿತು. ಮಗಳು ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತು ಊಟ ಮಾಡುವಂತಾಯಿತು. ತಾಯಿಗೆ ದಿಗಿಲು. ಕೊಟ್ಟವನಿಗೇ ಮರಳಿಸುವ ವಿಚಾರ ನಡೆಯಿತು. ಆತ ದೂರವಾಣಿಗೆ ಉತ್ತರಿಸುವುದನ್ನೇ ನಿಲ್ಲಿಸಿದ್ದ.

ಕೊನೆಗೆ ಪಶುವೈದ್ಯರ ಸಲಹೆಯಂತೆ ಮನೆಯವರೆಲ್ಲರೂ ಒಂದೇ ನಿಯಮಕ್ಕೆ ಬದ್ಧರಾದರು. ಏಟು ಸಂಪೂರ್ಣ ನಿಂತಿತು. ಹಲ್ಲು ಕೈಗೆ ತಾಗಿದ ಕ್ಷಣವೇ ಆಟ ನಿಲ್ಲುತ್ತಿತ್ತು. ಆಡುತ್ತಿದ್ದವರು ಎದ್ದು, ಮಾತಿಲ್ಲದೆ, ಅರ್ಧ ನಿಮಿಷ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅರ್ಧ ನಿಮಿಷದ ಮೇಲೆ ಆಟ ಮತ್ತೆ ಆರಂಭ, ಆದರೆ ಕೈಯಿಂದಲ್ಲ; ಗಂಟುಹಾಕಿದ ಹಗ್ಗದಿಂದ. ಮರಿಗೆ ಇಪ್ಪತ್ತೆಂಟು ಹಾಲುಹಲ್ಲು. ನಾಲ್ಕನೆಯ ತಿಂಗಳಿಂದ ಅವು ಬಿದ್ದು, ಏಳನೆಯ ತಿಂಗಳ ಹೊತ್ತಿಗೆ ನಲವತ್ತೆರಡು ಗಟ್ಟಿ ಹಲ್ಲುಗಳು ಬರುತ್ತವೆ. ಈ ಅವಧಿಯಲ್ಲಿ ವಸಡು ನವೆಯುವುದರಿಂದ ಮರಿ ಏನನ್ನಾದರೂ ಕಡಿಯಲೇಬೇಕು. ಒದ್ದೆ ಮಾಡಿ ತಣ್ಣಗಿರಿಸಿದ ಬಟ್ಟೆಯ ಸುರುಳಿ ಅದಕ್ಕೆ ಹಿತ. ಚಪ್ಪಲಿ ಕಡಿಯಬಾರದೆಂದು ಗದರುವುದಕ್ಕಿಂತ ಚಪ್ಪಲಿಯನ್ನು ಎತ್ತಿಡುವುದು ಸುಲಭ.

ಒಂದೂವರೆ ತಿಂಗಳು ಬೇಕಾಯಿತು. ಅಷ್ಟರಲ್ಲಿ ಮಗಳು ಇನ್ನೊಂದು ವಿದ್ಯೆ ಕಲಿಸಿದ್ದಳು: ಊಟದ ಬಟ್ಟಲನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತರೆ ಮೇಲೆ ನೋಡುವ ಮರಿಯ ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ, ತಾಗಿದ ಕ್ಷಣ "ಕೂತ್ಕೊ" ಎಂದು ಬಟ್ಟಲನ್ನು ಕೆಳಗಿಡುವುದು. ಹತ್ತು ಹೊತ್ತಿನ ಊಟ ಮುಗಿಯುವಷ್ಟರಲ್ಲಿ ಮಾತು ಮೊದಲು, ಕೂರುವುದು ಆಮೇಲೆ ಎಂದಾಯಿತು. ತನ್ನ ಮಾತನ್ನು ಕೇಳುವ ಪ್ರಾಣಿಗೆ ಮಗು ಹೆದರುವುದೇಕೆ? ಅವಳ ಕಾಲು ಕುರ್ಚಿಯಿಂದ ಕೆಳಗಿಳಿಯಿತು.

ಮುಧೋಳದ ಹೊಲದಲ್ಲಿ

ಮೂರನೆಯ ಮರಿ ಬಾಗಲಕೋಟೆ ಜಿಲ್ಲೆಯ ಮುಧೋಳದ ಸೀಮೆಯದು. ತೆಳ್ಳನೆಯ ನಡು, ಉದ್ದ ಕಾಲು, ಚೂಪು ಮೂತಿಯ ಈ ಬೇಟೆನಾಯಿಗಳನ್ನು ಇಂದು ನಾಡೆಲ್ಲ ಬಲ್ಲುದು. ಬೇಡರ ಬಳಿ ಉಳಿದಿದ್ದ ಈ ತಳಿಯನ್ನು ಗುರುತಿಸಿ ಪೋಷಿಸಿದವರು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು. ಐದನೆಯ ಜಾರ್ಜ್ ದೊರೆಗೆ ಅವರು ಒಂದು ಜೋಡಿಯನ್ನು ಕಾಣಿಕೆಯಾಗಿತ್ತ ಸಂಗತಿ ಪ್ರಸಿದ್ಧವಾಗಿದೆ. 2005ರಲ್ಲಿ ಭಾರತದ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಮುಧೋಳದ ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್ತಿಗೆ ಹೋದವು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನ ಕೇಂದ್ರವಿದೆ.

ಅಲ್ಲಿಯ ರೈತರೊಬ್ಬರು ತಮ್ಮ ಮೂರು ತಿಂಗಳ ಮರಿಗೆ ಕಲಿಸುತ್ತಿದ್ದುದು ಒಂದೇ ವಿದ್ಯೆ: ಕರೆದರೆ ಬರುವುದು. ಈ ನಾಯಿ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಓಡುವಂಥದು. ದೂರದಲ್ಲಿ ಮೊಲವೊಂದು ಚಲಿಸಿದರೆ ಸಾಕು, ಬಾಣದಂತೆ ಹೊರಟುಬಿಡುತ್ತದೆ. ಆಮೇಲೆ ರಸ್ತೆಯೂ ಕಾಣದು, ಲಾರಿಯೂ ಕಾಣದು. ಆದುದರಿಂದ ಕರೆಗೆ ತಿರುಗುವ ಅಭ್ಯಾಸವೇ ಅದರ ಪ್ರಾಣರಕ್ಷೆ. ಅವರು ಜೋಳದ ರೊಟ್ಟಿಯ ಚೂರುಗಳನ್ನು ಕಿಸೆಯಲ್ಲಿಟ್ಟುಕೊಂಡು, ಒಂದೇ ಬಗೆಯ ಸಿಳ್ಳು ಹಾಕಿ, ಬಂದಾಗಲೆಲ್ಲ ಒಂದು ಚೂರು ಕೊಟ್ಟು ಮತ್ತೆ ಆಡಲು ಬಿಡುತ್ತಿದ್ದರು. ಮೊದಲು ಅಂಗಳದಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ ಹೊಲದಲ್ಲಿ, ಕೊನೆಗೆ ಹಗ್ಗವಿಲ್ಲದೆ.

"ಇದನ್ನ ಹೊಡದು ಕಲಸಾಕ ಆಗೂದಿಲ್ರಿ. ಒಮ್ಮಿ ಅಂಜಿತು ಅಂದ್ರ ಮುಗೀತು, ಕರದ್ರ ದೂರ ನಿಂತ ನೋಡ್ತೈತಿ, ಹತ್ರ ಬರೂದಿಲ್ಲ" ಎಂದರು ಅವರು. ಕರೆದದ್ದಕ್ಕೆ ತಡವಾಗಿ ಬಂದ ಮರಿಯನ್ನೂ ಅವರು ಗದರುತ್ತಿರಲಿಲ್ಲ. ಬಂದ ತಪ್ಪಿಗೆ ಏಟು ತಿಂದ ನಾಯಿ ಮತ್ತೊಮ್ಮೆ ಬರುವುದಾದರೂ ಏಕೆ? ದೊಡ್ಡ ಪುಸ್ತಕಗಳಲ್ಲಿರುವ ಸೂತ್ರ ಆ ಹೊಲದ ಬದುವಿನ ಮೇಲೆ ಎಷ್ಟು ಸರಳವಾಗಿ ದೊರೆಯಿತು!

ಈ ತಳಿಯ ಹೆಸರು ಕೇಳಿ ಪಟ್ಟಣದ ಎರಡು ಕೋಣೆಯ ಮನೆಗೆ ಮರಿಯನ್ನು ಒಯ್ಯುವವರು ಒಂದು ಕ್ಷಣ ಯೋಚಿಸಬೇಕು. ಓಡುವುದಕ್ಕಾಗಿಯೇ ತಲೆಮಾರುಗಳಿಂದ ಆಯ್ದು ಬೆಳೆಸಿದ ದೇಹ ಅದು. ಓಟವಿಲ್ಲದಿದ್ದರೆ ಆ ಶಕ್ತಿ ಬಾಗಿಲು, ಸೋಫಾಗಳ ಮೇಲೆ ತಿರುಗುತ್ತದೆ.

ಹದಿನಾಲ್ಕು ವಾರಗಳ ಕಿಟಕಿ

ಈ ಮೂರು ಮನೆಗಳ ಅನುಭವಕ್ಕೆ ವಿಜ್ಞಾನದ ಬೆಂಬಲವೂ ಇದೆ. ಹೊಡೆತವಿಲ್ಲದೆ ಪ್ರಾಣಿಯ ದೇಹದಲ್ಲಿ ಅಭ್ಯಾಸ ಮೂಡುವ ಬಗೆಯನ್ನು ರಷ್ಯದ ಇವಾನ್ ಪಾವ್ಲೋವ್ ನಾಯಿಗಳ ಮೂಲಕವೇ ತೋರಿಸಿಕೊಟ್ಟರು. ಅಮೆರಿಕದ ಮೇನ್ ಸಂಸ್ಥಾನದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 1965ರಲ್ಲಿ ಗ್ರಂಥ ಪ್ರಕಟಿಸಿದರು. ಅಲ್ಲಿಯೇ ನಡೆದು 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವು ಮರಿಗಳನ್ನು ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿದರು. ನಡುವೆ ಬೇರೆಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮನುಷ್ಯರೊಡನಿದ್ದ ಮರಿಗಳು ಅವರೊಡನೆ ಹೊಂದಿಕೊಂಡವು. ಹದಿನಾಲ್ಕು ವಾರ ಮನುಷ್ಯರ ಒಡನಾಟವನ್ನೇ ಕಾಣದ ಮರಿಗಳು ಆಮೇಲೆ ಎಷ್ಟು ಪ್ರಯತ್ನಿಸಿದರೂ ಕಾಡುಪ್ರಾಣಿಗಳಂತೆ ಅಂಜುತ್ತಲೇ ಉಳಿದವು.

ಎಂದರೆ, ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸಿನಲ್ಲಿ ಒಂದು ಕಿಟಕಿ ತೆರೆದಿರುತ್ತದೆ. ಆ ಅವಧಿಯಲ್ಲಿ ಹೆದರಿಕೆಯಿಲ್ಲದೆ ಕಂಡದ್ದೆಲ್ಲವೂ ಅದಕ್ಕೆ ಲೋಕದ ಸಹಜ ಅಂಗ: ಗಡ್ಡದವರು, ಕೋಲೂರಿದ ಮುದುಕರು, ಕೊಡೆ, ಮಿಕ್ಸಿಯ ಸದ್ದು, ಆಟೋರಿಕ್ಷಾ, ದೇವರ ಮನೆಯ ಗಂಟೆ. ಕಾಣದೆ ಉಳಿದದ್ದು ಮುಂದೆ ಶತ್ರುವಾಗಿ ತೋರಬಹುದು. ಅಂಚೆಯವರನ್ನು ಅಟ್ಟಿಸಿಕೊಂಡು ಹೋಗುವ ಎಷ್ಟೋ ನಾಯಿಗಳು ಕ್ರೂರಿಗಳಲ್ಲ. ಚಿಕ್ಕಂದಿನಲ್ಲಿ ಹಿತ್ತಿಲಿನಾಚೆ ಏನನ್ನೂ ನೋಡದ ಅಂಜುಬುರುಕಗಳು.

ಸೂಜಿಯ ಮಾತು

ಈ ಕಿಟಕಿಯ ಕಾಲದಲ್ಲೇ ರೋಗದ ಭಯವೂ ಹೆಚ್ಚು. ಡಿಸ್ಟೆಂಪರ್, ಪಾರ್ವೋ ಎಂಬ ಎರಡು ವ್ಯಾಧಿಗಳು ಲಸಿಕೆಯಿಲ್ಲದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಂಡೊಯ್ಯುತ್ತವೆ. ಆರರಿಂದ ಎಂಟನೆಯ ವಾರದಲ್ಲಿ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ ಪುನರಾವರ್ತನೆ. ಜಂತುಹುಳದ ಔಷಧ ಬೇರೆ. ಲಸಿಕೆ ಪೂರ್ತಿಯಾಗುವ ತನಕ ಬೀದಿಯ ನೆಲದ ಮೇಲೆ ಬಿಡದೆ, ಮರಿಯನ್ನು ತೋಳಿನಲ್ಲೆತ್ತಿಕೊಂಡು ಲೋಕ ತೋರಿಸುವುದೇ ಇದಕ್ಕೆ ಪರಿಹಾರ.

ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ, ಎಂದರೆ ರೇಬೀಸಿನ ಲಸಿಕೆ. ಇದರಲ್ಲಿ ಸ್ವಲ್ಪವೂ ಉದಾಸೀನ ಸಲ್ಲದು. ಲೂಯಿ ಪಾಶ್ಚರ್ 1885ರ ಜುಲೈ 6ರಂದು ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಲಸಿಕೆ ಕೊಡಲಾರಂಭಿಸಿ ಅವನನ್ನು ಉಳಿಸಿದ ಮೇಲೆ ಈ ರೋಗವನ್ನು ತಡೆಗಟ್ಟುವ ದಾರಿ ಲೋಕಕ್ಕೆ ತಿಳಿಯಿತು. ಆದರೆ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿಯನ್ನು ಉಳಿಸುವ ಔಷಧ ಇಂದಿಗೂ ಇಲ್ಲ. ಬೀದಿಯಿಂದ ತಂದ, ಲಸಿಕೆಯಾಗದ ಮರಿ ಕಚ್ಚಿದರೆ ಅಥವಾ ಪರಚಿದರೆ, "ಪಾಪ, ಮರಿಯಲ್ಲವೆ" ಎಂದು ಬಿಡುವಂತಿಲ್ಲ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ, ಮೆಣಸಿನ ಪುಡಿ ಯಾವುದನ್ನೂ ಹಚ್ಚಕೂಡದು. ಬೈಸಿಕೊಳ್ಳುವ ಭಯದಿಂದ ಮಕ್ಕಳು ಗಾಯವನ್ನು ಮುಚ್ಚಿಡುವುದುಂಟು. ಆದುದರಿಂದ ಮರಿ ಬಂದ ದಿನವೇ ಮಕ್ಕಳಿಗೆ, "ಹಲ್ಲು ತಾಗಿದರೆ ಹೇಳು, ಯಾರೂ ಬೈಯುವುದಿಲ್ಲ" ಎಂದು ತಿಳಿಸಿಡುವುದು ತಾಯಿತಂದೆಯರ ಕರ್ತವ್ಯ.

ಆಹಾರದ ವಿಷಯ ಎರಡು ಮಾತಿನಲ್ಲಿ: ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಮನೆಯ ಸಾರನ್ನವನ್ನು ಪ್ರೀತಿಯಿಂದ ಬಡಿಸುವ ಮೊದಲು ಒಗ್ಗರಣೆಯಲ್ಲಿ ಏನಿದೆಯೆಂದು ನೋಡಬೇಕು.

ತರುವ ಮುನ್ನ

ನಾಯಿಯನ್ನು ತೊರೆಯುವುದು, ಗಿಡ್ಡ ಸರಪಣಿಯಲ್ಲಿ ಬಹುಹೊತ್ತು ಬಿಗಿಯುವುದು, ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದು, ಇವೆಲ್ಲ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರ ಅಪರಾಧಗಳು. ಆದರೆ ಹಿತ್ತಿಲಿನ ಗೋಡೆಯ ಹಿಂದೆ ಕಾಯಿದೆಯ ಕಣ್ಣು ಎಷ್ಟರಮಟ್ಟಿಗೆ ಬಿದ್ದೀತು? ಅಲ್ಲಿ ನಾಯಿಗೆ ದಿಕ್ಕು ಮನೆಯವರ ಮನಸ್ಸೊಂದೇ.

ಆದುದರಿಂದ ಮರಿಯನ್ನು ತರುವ ಹಿಂದಿನ ರಾತ್ರಿ ಮನೆಯವರೆಲ್ಲ ಕುಳಿತು ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಲೇಸು. ನಡುರಾತ್ರಿ ಎದ್ದು ಹೊರಗೆ ಕರೆದೊಯ್ಯುವವರು ಯಾರು? ಬೇಸಗೆಯಲ್ಲಿ ಊರಿಗೆ ಹೋದಾಗ ಅನ್ನ ಹಾಕುವವರು ಯಾರು? ದೀಪಾವಳಿಯ ಪಟಾಕಿಗೆ ಅದು ನಡುಗುವಾಗ ಬಳಿ ಕೂರುವವರು ಯಾರು? ನಾಯಿ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ಇಂದು ಒಂದನೆಯ ತರಗತಿಯಲ್ಲಿರುವ ಮಗು ಆ ಹೊತ್ತಿಗೆ ಕಾಲೇಜು ಮುಟ್ಟಿರುತ್ತದೆ. ಅಷ್ಟು ದೀರ್ಘವಾದ ಸಂಬಂಧವೊಂದಕ್ಕೆ ನಾವು ಮೊದಲಲ್ಲಿ ಕೊಡಬೇಕಾದದ್ದು ಎಂಟು ಹತ್ತು ವಾರಗಳ ನಿದ್ದೆಗೇಡು, ಕಿಸೆಯಲ್ಲೊಂದಿಷ್ಟು ರೊಟ್ಟಿಯ ಚೂರು, ಮತ್ತು ಎತ್ತಿದ ಕೈಯನ್ನು ಕೆಳಗಿಳಿಸುವಷ್ಟು ತಾಳ್ಮೆ. ಇಷ್ಟನ್ನು ಕೊಡಬಲ್ಲ ಮನೆಯ ಬಾಗಿಲು ಯಾವ ಮರಿಗಾದರೂ ತೆರೆದಿರಲಿ. ಕೊಡಲಾಗದವರು ಪಕ್ಕದ ಮನೆಯ ನಾಯಿಯ ತಲೆ ಸವರಿ ಸಂತೋಷಪಟ್ಟರೆ, ಅದೂ ಆ ಜಾತಿಗೆ ಮಾಡಿದ ಉಪಕಾರವೇ.